47 ದಿನ ಅಂತ ಹಾಕಿದ್ನಲ್ಲ, ಅದು ಸುಳ್ಳು

1/11
ಮೇಲಿರೋ ಸ್ಕ್ರೀನ್‌ಶಾಟ್ ನಿಂಗೆ ನೆನಪಿರಬೇಕು. ಹೋದ ಸೆಮಿಸ್ಟರ್‌ನಲ್ಲಿ ಹಾಕಿದ್ದು. ಹಸಿರು ವೃತ್ತ, ಮಧ್ಯದಲ್ಲಿ 47, ಕೆಳಗೆ ಸಿಗರೇಟು ಇಲ್ಲದ ದಿನಗಳು ಅಂತ ಇಂಗ್ಲಿಷಲ್ಲಿ ಒಂದು ಸಾಲು, ಅದರ ಕೆಳಗೆ ಉಳಿಸಿದ ದುಡ್ಡು 2,820 ರೂಪಾಯಿ. ಮುನ್ನೂರು ದಾಟಿದ ಲೈಕು. ಕಾಮೆಂಟ್ ತುಂಬಾ ಬೆಂಕಿ ಇಮೋಜಿ (ಸಿಗರೇಟು ಬಿಟ್ಟವನಿಗೆ ಬೆಂಕಿ! ಇರಲಿ). ಕ್ಲಾಸಿನ ಅರ್ಧ ಜನ ಸ್ಟೋರಿಗೂ ಹಾಕ್ಕೊಂಡ್ರಿ.

ಆ 47ರಲ್ಲಿ ನಿಜ ಇದ್ದದ್ದು 9.

ಹತ್ತನೇ ದಿನ ಇಂಟರ್ನಲ್ಸ್. ಪೇಪರ್ ಕೆಟ್ಟದಾಗಿ ಹೋಯ್ತು. ಹೊರಗೆ ಬಂದೆ, ಹುಡುಗರೆಲ್ಲ ಅಲ್ಲೇ ನಿಂತಿದ್ರು, ಒಂದು ಹಚ್ಚಿದೆ. ಆ್ಯಪ್‌ನಲ್ಲಿ "ಸೇದಿದೆ" ಅಂತ ಒತ್ತೋ ಬಟನ್ ಇದೆ. ಒತ್ತಿದ್ರೆ 9 ಹೋಗಿ 0 ಆಗುತ್ತೆ. ಹೆಬ್ಬೆರಳು ಅದರ ಮೇಲೆ ಇಟ್ಟು ತೆಗೆದೆ. ಒತ್ತಲಿಲ್ಲ. ಆ್ಯಪ್‌ಗೇನು ಗೊತ್ತು? ಅದು ಎಣಿಸ್ಕೊಂಡೇ ಹೋಯ್ತು, ನಾನು ಸೇದ್ಕೊಂಡೇ ಹೋದೆ. 12 ಆಯ್ತು, 21 ಆಯ್ತು, ಒಂದು ಬ್ಯಾಡ್ಜ್ ಬಂತು, ಇನ್ನೊಂದು ಬಂತು. 47ನೇ ದಿನ ರಾತ್ರಿ ಯಾಕೋ ಖುಷಿಯಾಗಿದ್ದೆ, ಪೋಸ್ಟ್ ಹಾಕಿಬಿಟ್ಟೆ. ಹಾಕುವಾಗ ಟೆರೇಸ್ ಮೇಲೆ ಇದ್ದೆ. ಕೈಯಲ್ಲಿ ಏನಿತ್ತು ಅಂತ ನಿಂಗೆ ಈಗ ಗೊತ್ತಾಗಿರುತ್ತೆ.

ಆ ಪೋಸ್ಟ್ ಇವತ್ತು ಬೆಳಿಗ್ಗೆ ಡಿಲೀಟ್ ಮಾಡಿದೆ. ಬರೀ ಡಿಲೀಟ್ ಮಾಡಿ ಸುಮ್ಮನಿರಬಹುದಿತ್ತು. ಯಾಕೆ ಸುಮ್ಮನಿಲ್ಲ ಅಂತ ಮುಂದಿನದ್ರಲ್ಲಿ ಹೇಳ್ತೀನಿ. ಕ್ಯಾಪ್ಶನ್ 2,200 ಅಕ್ಷರಕ್ಕೆ ನಿಂತುಬಿಡುತ್ತೆ, ನನ್ನ ಸಿಟ್ಟು ಅಷ್ಟಕ್ಕೆ ನಿಲ್ಲಲ್ಲ. ಒಟ್ಟು ಹನ್ನೊಂದು ಇದೆ.

2/11
ಫೋಟೋದಲ್ಲಿರೋದು ಒಂದು ಡಿಎಂ. ಹೆಸರು ಅಳಿಸಿದ್ದೀನಿ, ಕಳಿಸಿದವನನ್ನ ಕೇಳಿಯೇ ಹಾಕಿದ್ದೀನಿ. ಫಸ್ಟ್ ಇಯರ್ ಹುಡುಗ, ಹಾಸ್ಟೆಲ್‌ನವನು. ನನ್ನ 47 ನೋಡಿ ಅದೇ ಆ್ಯಪ್ ಹಾಕ್ಕೊಂಡ. ಆರು ದಿನ ಬಿಟ್ಟ. ನಿಜವಾಗ್ಲೂ ಬಿಟ್ಟ. ಏಳನೇ ದಿನ ರೂಮ್‌ಮೇಟ್ ಬರ್ತ್‌ಡೇ, ಒಂದು ಸೇದಿದ. ಆಮೇಲೆ ಅವನು ಏನ್ ಮಾಡ್ದ ಗೊತ್ತಾ? ಬಟನ್ ಒತ್ತಿದ. ಪ್ರಾಮಾಣಿಕವಾಗಿ ಒತ್ತಿದ. ಆರು ದಿನ ಸೊನ್ನೆ ಆಯ್ತು. ಮಾರನೇ ದಿನ ಆ್ಯಪ್ ಕಿತ್ತುಹಾಕಿದ, ಪೂರ್ತಿ ಪ್ಯಾಕ್ ತಗೊಂಡ.

"ಅಣ್ಣ, ನಿಮ್ಮ ಥರ ನನ್ ಕೈಲಿ ಆಗಲ್ಲ ಬಿಡಿ. ನಂಗೆ ವಿಲ್ ಪವರ್ ಇಲ್ಲ."

ನನ್ನ ಥರ ಅಂತೆ!

ಇದನ್ನ ಓದಿ ಎರಡು ದಿನ ಉತ್ತರ ಕೊಡಲಿಲ್ಲ. ಅವನು ಆರು ದಿನ ಬಿಟ್ಟಿದ್ದ, ಒಂದು ಸೇದಿದ್ದ. ನಾನು ಒಂಬತ್ತು ದಿನ ಬಿಟ್ಟು ಮೂವತ್ತೆಂಟು ದಿನ ಸೇದಿದ್ದೆ. ಒಂದೇ ಆ್ಯಪ್. ನಿಜ ಹೇಳಿದವನಿಗೆ ಸೊನ್ನೆ ಕೊಡ್ತು, ಸುಳ್ಳು ಹೇಳಿದವನಿಗೆ ಬ್ಯಾಡ್ಜ್ ಕೊಡ್ತು. ಅವನು ಸೋತೆ ಅಂದ್ಕೊಂಡ, ನಾನು ಗೆದ್ದೆ ಅಂತ ನೀವೆಲ್ಲ ಅಂದ್ಕೊಂಡ್ರಿ.

ಇದರಲ್ಲಿ ತಪ್ಪು ನನ್ನದು, ಮೊದಲು ಅದನ್ನ ಹೇಳಿಬಿಡ್ತೀನಿ. ಅವನ ಹತ್ರ ಹೋಗಿ ಹೇಳಿಯೂ ಆಯ್ತು. ಆದ್ರೆ ತಪ್ಪು ನಂದೊಬ್ಬಂದೇ ಅಲ್ಲ, ಆ ಸೊನ್ನೆದೂ ಇದೆ. ಆ ಸೊನ್ನೆ ಯಾಕೆ ಮೋಸ ಅಂತ ಹೇಳೋಕೆ ಸ್ವಲ್ಪ ಓದ್ಕೊಂಡು ಬಂದಿದ್ದೀನಿ. ಬೋರ್ ಅನ್ನಿಸಿದ್ರೆ 6ಕ್ಕೆ ಹಾರು, ಅಲ್ಲಿ ನಮ್ಮಪ್ಪ ಬರ್ತಾರೆ.

3/11
ಕೆನಡಾ. ವಾಟರ್‌ಲೂ ಯೂನಿವರ್ಸಿಟಿಯವರು ನಮ್ಮ ವಯಸ್ಸಿನವರಿಗೆ ಅಂತಾನೇ ಒಂದು ಆ್ಯಪ್ ಮಾಡಿದ್ರು, ಹೆಸರು ಕ್ರಷ್ ದ ಕ್ರೇವ್. ಯಾರೋ ಒಬ್ಬ ವೀಕೆಂಡಲ್ಲಿ ಕೂತು ಕೋಡ್ ಬರೆದು ಬಿಟ್ಟದ್ದಲ್ಲ. ಸಿಗರೇಟು ಬಿಡಿಸೋ ವೈದ್ಯಕೀಯ ಮಾರ್ಗದರ್ಶನ ನೋಡ್ಕೊಂಡು, ಯಂಗ್‌ಸ್ಟರ್ಸ್ ಹೇಗೆ ಫೋನ್ ಬಳಸ್ತಾರೆ ಅಂತ ಯೋಚಿಸಿ ಮಾಡಿದ್ದು. ಆಮೇಲೆ ನಿಜವಾಗಿ ಪರೀಕ್ಷೆಗೆ ಇಟ್ಟರು. 19ರಿಂದ 29 ವಯಸ್ಸಿನ 1,599 ಜನ. ಚೀಟಿ ಎತ್ತಿದ ಹಾಗೆ ಎರಡು ಗುಂಪು. ಒಂದಕ್ಕೆ ಆ್ಯಪ್. ಇನ್ನೊಂದಕ್ಕೆ ಅಲ್ಲಿನ ಆರೋಗ್ಯ ಇಲಾಖೆಯ ಒಂದು ಪುಸ್ತಿಕೆ. ಪುಸ್ತಿಕೆ ಮಗಾ. ಓದೋದು. ಆಸ್ಪತ್ರೇಲಿ ಟೇಬಲ್ ಮೇಲೆ ಬಿದ್ದಿರುತ್ತಲ್ಲ ಆ ಥರದ್ದು.

ಆರು ತಿಂಗಳ ನಂತರ ನೋಡಿದ್ರೆ, ಬಿಟ್ಟು ಹಾಗೇ ಉಳಿದವರು ಆ್ಯಪ್ ಗುಂಪಲ್ಲಿ 7.8 ಶೇಕಡಾ, ಪುಸ್ತಿಕೆ ಗುಂಪಲ್ಲಿ 9.2 ಶೇಕಡಾ. ಲೆಕ್ಕಶಾಸ್ತ್ರದ ಪ್ರಕಾರ ಎರಡೂ ಒಂದೇ, ಪುಸ್ತಿಕೆ ಗೆದ್ದಿತು ಅಂತ ನಾನು ಹೇಳಲ್ಲ. ಆದ್ರೆ ಆ್ಯಪ್ ಗೆಲ್ಲಲಿಲ್ಲ. 2018ರಲ್ಲಿ ಇದು ಪ್ರಕಟ ಆಯ್ತು, ಮಾಡಿದವರೇ ಒಪ್ಪಿಕೊಂಡು ಪ್ರಕಟಿಸಿದ್ರು. ಅದಕ್ಕೆ ಅವರಿಗೊಂದು ನಮಸ್ಕಾರ. ನಾನು 9 ಅಂತ ಹಾಕೋಕೆ ಆಗದೇ 47 ಅಂತ ಹಾಕಿದವನು.

ಮಾರನೇ ವರ್ಷ, 2019ರಲ್ಲಿ, ಕಾಕ್ರೇನ್‌ನವರು (ಜಗತ್ತಿನ ವೈದ್ಯಕೀಯ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ಜರಡಿ ಹಿಡಿಯೋ ಸಂಸ್ಥೆ) ಫೋನ್ ಮೂಲಕ ಸಿಗರೇಟು ಬಿಡಿಸೋ 26 ಪ್ರಯೋಗಗಳನ್ನ ನೋಡಿದ್ರು. ಆ್ಯಪ್‌ಗಳ ಬಗ್ಗೆ ಇದ್ದದ್ದು ಕೆಲವೇ, ಅವುಗಳಿಂದ ಹೆಚ್ಚಿನ ಉಪಯೋಗ ಕಾಣಲಿಲ್ಲ. ಉಪಯೋಗ ಕಂಡದ್ದು ಯಾವುದರಲ್ಲಿ ಅಂತ ಹೇಳಿದ್ರೆ ನಗ್ತೀಯ.

ಎಸ್ಸೆಮ್ಮೆಸ್.

4/11
ಹೌದು, ನಾವು ಒಟಿಪಿಗೆ ಮಾತ್ರ ಇಟ್ಕೊಂಡಿರೋ ಆ ಎಸ್ಸೆಮ್ಮೆಸ್ಸೇ. ಸುಮ್ಮನೆ ಬಿಟ್ಟವರಿಗಿಂತ ಅಥವಾ ಅಲ್ಪಸ್ವಲ್ಪ ಸಹಾಯ ಸಿಕ್ಕವರಿಗಿಂತ, ದಿನಾ ಮೆಸೇಜ್ ಬರ್ತಿದ್ದವರು ಸುಮಾರು ಒಂದೂವರೆ ಪಟ್ಟು ಹೆಚ್ಚು ಬಿಟ್ಟಿದ್ರು. ಅಮೆರಿಕದಲ್ಲಿ 18ರಿಂದ 24 ವಯಸ್ಸಿನ 2,588 ವೇಪ್ ಎಳೆಯೋರ ಮೇಲೆ ಇಂಥದ್ದೇ ಮೆಸೇಜ್ ಪ್ರಯೋಗ ಆಯ್ತು. ಏಳು ತಿಂಗಳಿಗೆ ಬಿಟ್ಟಿದ್ದವರು 24.1 ಶೇಕಡಾ, ಮೆಸೇಜ್ ಸಿಗದ ಗುಂಪಲ್ಲಿ 18.6. (ವೇಪ್ ನಮ್ಮಲ್ಲಿ 2019ರಿಂದ ಬ್ಯಾನ್. ಬ್ಯಾಗಲ್ಲಿ ಇಟ್ಕೊಂಡಿರೋರು ಮುಖ ಆ ಕಡೆ ತಿರುಗಿಸಬೇಡಿ.)

ಯಾಕೆ ಹೀಗೆ? ನನ್ನ ಅಂದಾಜು ಹೇಳ್ತೀನಿ. ಆ್ಯಪನ್ನ ನೀನು ತೆಗೀಬೇಕು. ಮೆಸೇಜ್ ನಿನ್ನ ಹತ್ರ ತಾನೇ ಬರುತ್ತೆ. ಸಿಗರೇಟು ಬೇಕೇ ಬೇಕು ಅನ್ನಿಸಿದಾಗ ಯಾವನು ಆ್ಯಪ್ ತೆಗೆದು ಶ್ವಾಸಕೋಶದ ಅನಿಮೇಶನ್ ನೋಡ್ತಾನೆ? ನಾನು ಆ್ಯಪ್ ತೆಗೀತಿದ್ದದ್ದು ರಾತ್ರಿ ಮಲಗುವಾಗ, ನಂಬರ್ ನೋಡೋಕೆ. ಬ್ಯಾಂಕ್ ಬ್ಯಾಲೆನ್ಸ್ ನೋಡ್ದಂಗೆ.

ಹಾಗಂತ ಎಲ್ಲಾ ಆ್ಯಪ್ ದಂಡ ಅಂತಲ್ಲ. ಇದನ್ನೂ ಹೇಳದಿದ್ರೆ ಮತ್ತೊಂದು 47 ಆಗುತ್ತೆ. ಅಮೆರಿಕದ ಸಿಯಾಟಲ್‌ನಲ್ಲಿ ಫ್ರೆಡ್ ಹಚ್ ಅನ್ನೋ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು ಐಕ್ಯಾನ್‌ಕ್ವಿಟ್ ಅಂತ ಒಂದು ಮಾಡಿದ್ರು. 2,415 ಜನ, ಎಲ್ಲಾ ವಯಸ್ಸಿನ ದೊಡ್ಡವರು. ಅರ್ಧ ಜನಕ್ಕೆ ಇದು, ಉಳಿದರ್ಧಕ್ಕೆ ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಕ್ವಿಟ್‌ಗೈಡ್. ಒಂದು ವರ್ಷದ ನಂತರ ಇದರಲ್ಲಿ 28.2 ಶೇಕಡಾ, ಅದರಲ್ಲಿ 21.1. 2020ರಲ್ಲಿ ಬಂದ ವರದಿ. ಎರಡೂ ಆ್ಯಪ್ಪೇ, ಆದ್ರೂ ಇಷ್ಟು ವ್ಯತ್ಯಾಸ. ಇವೆಲ್ಲ ಜನ ತಾವೇ ಹೇಳಿದ ಲೆಕ್ಕ, ನನ್ನಂಥ 47ಗಳು ಅವರಲ್ಲೂ ಇದ್ದಿರ್ತಾರೆ, ಆದ್ರೆ ಎರಡೂ ಗುಂಪಲ್ಲಿ ಇರ್ತಾರಲ್ಲ.

5/11
ಆ ವ್ಯತ್ಯಾಸ ಎಲ್ಲಿಂದ ಬಂತು? ನಂಗೆ ತಲೆಗೆ ಹೊಡೆದದ್ದು ಇದೇ.

ಹಳೇ ಮಾತು ಏನು: ಆಸೆ ಬಂದ್ರೆ ಓಡು, ಬೇರೆ ಕಡೆ ಗಮನ ಕೊಡು, ನೀರು ಕುಡಿ, ತಳ್ಳು. ಈ ಹೊಸದು ಹೇಳೋದು ಉಲ್ಟಾ. ಬಂತಾ? ಬರಲಿ. ಎದೇಲಿ ಬಂತಾ, ಗಂಟಲಲ್ಲಾ, ಬೆರಳಲ್ಲಾ, ನೋಡು. ಬಸ್ ಸ್ಟ್ಯಾಂಡಲ್ಲಿ ಕೂತವನ ಮುಂದೆ ಬಸ್ಸು ಬಂದು ನಿಂತು ಹೋಗೋ ಹಾಗೆ ಅದೂ ಹೋಗುತ್ತೆ. ಬಂದ ಬಸ್ಸಿಗೆಲ್ಲ ಹತ್ತಬೇಕು ಅಂತ ಎಲ್ಲಿದೆ? ಮತ್ತೆ ಒಂದು ಸೇದಿಬಿಟ್ರೆ ಅಲ್ಲಿಂದ ವಾಪಸ್ ಬರೋದು ಹೇಗೆ ಅಂತ ಹೇಳಿಕೊಡೋಕೂ ಅದರಲ್ಲಿ ಜಾಗ ಇದೆ. ಸೇದೋದು ಕಥೆ ಮುಗಿದಂಗೆ ಅಲ್ಲ ಅಂತ ಮೊದಲೇ ಒಪ್ಪಿಕೊಂಡು ಮಾಡಿದ ಆ್ಯಪ್ ಅದು.

ಹೊಗೆ ಎಳೆದ ಮೇಲೆ ನಿಕೋಟಿನ್ ಮಿದುಳಿಗೆ ಹೋಗೋಕೆ ಹತ್ತು ಹದಿನೈದು ಸೆಕೆಂಡು ಸಾಕು. ಸುಮಾರು ಎರಡು ಗಂಟೆಗೆ ರಕ್ತದಲ್ಲಿ ಅರ್ಧ ಖಾಲಿ. ಅದಕ್ಕೇ ಲ್ಯಾಬ್ ಮಧ್ಯದಲ್ಲಿ ಕಾಲು ಕುಣಿಯೋದು. ಬಿಟ್ಟ ಮೊದಲ ಎರಡು ಮೂರು ದಿನ ತುಂಬಾ ಕಷ್ಟ, ಸಿಟ್ಟು ಬರುತ್ತೆ, ನಿದ್ದೆ ಕೆಡುತ್ತೆ, ಕೆಲವು ವಾರಕ್ಕೆ ಇಳಿಯುತ್ತೆ. ಆದ್ರೆ ಒಂದೊಂದು ಸಲ ಬರೋ ಆ ಸೆಳೆತ ಇದೆಯಲ್ಲ, ಅದು ಕೆಲವೇ ನಿಮಿಷ. ಒಂದು ರೀಲ್ಸ್ ನೋಡ್ತಾ ನೋಡ್ತಾ ಹತ್ತು ರೀಲ್ಸ್ ಆಗೋಷ್ಟು ಹೊತ್ತು.

ಹಾಗಾದ್ರೆ ಎಣಿಸಬೇಕಾದ್ದು ಯಾವುದು? ದಿನ ಎಣಿಸಿದ್ರೆ ಒಂದು ಸಿಗರೇಟಿಗೆ ಎಲ್ಲಾ ಹೋಗುತ್ತೆ. ಬಂದು ಹೋದ ಸೆಳೆತ ಎಣಿಸಿದ್ರೆ? ನಮ್ಮ ಜೂನಿಯರ್ ಆರು ದಿನದಲ್ಲಿ ದಿನಕ್ಕೆ ಹತ್ತು ಸಲ ತಡೆದುಕೊಂಡಿದ್ದ ಅಂದ್ಕೊ. ಅರವತ್ತು ಸಲ ಗೆದ್ದು ಒಂದು ಸಲ ಸೋತವನನ್ನ ಯಾವ ಮಾಷ್ಟ್ರಾದ್ರೂ ಸೊನ್ನೆ ಹಾಕಿ ಕಳಿಸ್ತಾರಾ? ಫೋನ್ ಕಳಿಸ್ತು.

6/11
ನಾನು ಪಿರಿಯಾಪಟ್ಟಣದ ಕಡೆಯವನು. ಗೊತ್ತಿರೋರಿಗೆ ಗೊತ್ತು, ಹುಣಸೂರು, ಪಿರಿಯಾಪಟ್ಟಣ ಅಂದ್ರೆ ಹೊಗೆಸೊಪ್ಪು. ಫೋಟೋದಲ್ಲಿರೋದು ನಮ್ಮದೇ ಬ್ಯಾರನ್. ಎಲೆ ಮುರಿದು, ಕಡ್ಡಿಗೆ ಕಟ್ಟಿ, ಒಳಗೆ ತೂಗುಹಾಕಿ ಸೌದೆ ಉರಿಸಿ ಬೇಯಿಸೋದು. ಒದ್ದೆ ಎಲೆ ಮುರಿದ ದಿನ ಕೆಲಸದವರಿಗೆ ತಲೆ ಸುತ್ತಿ ವಾಂತಿ ಆಗುತ್ತೆ, ಚರ್ಮದಿಂದಲೇ ನಿಕೋಟಿನ್ ಒಳಗೆ ಹೋಗಿರುತ್ತೆ. ನಮ್ಮಪ್ಪ ಜೀವಮಾನದಲ್ಲಿ ಒಂದು ಬೀಡಿ ಸೇದಿಲ್ಲ. ನನ್ನ ಫೀಸು ಮಾತ್ರ ಟೊಬ್ಯಾಕೊ ಬೋರ್ಡಿನ ಹರಾಜಿನ ದುಡ್ಡು. ಒಂದು ಸಿಗರೇಟಲ್ಲಿ ಒಂದು ಗ್ರಾಂ ಸೊಪ್ಪೂ ಇರಲ್ಲ. ಅಪ್ಪ ಕೆಜಿ ಲೆಕ್ಕದಲ್ಲಿ ಮಾರಿದ್ದನ್ನ ಮಗ ಗ್ರಾಂ ಲೆಕ್ಕದಲ್ಲಿ ವಾಪಸ್ ಕೊಳ್ತಾನೆ.

ಆ 47ರ ಮಧ್ಯೆ ಊರಿಗೆ ಹೋಗಿದ್ದೆ. ಅಪ್ಪ ನನ್ನ ಫೋನಲ್ಲಿ ಯೂಟ್ಯೂಬ್ ನೋಡ್ತಾ ಜಗಲಿ ಮೇಲೆ ಕೂತಿದ್ರು. ಮೇಲಿಂದ ನೋಟಿಫಿಕೇಶನ್ ಇಳೀತು. ಅಪ್ಪಂಗೆ ಇಂಗ್ಲಿಷ್ ಬರಲ್ಲ, ಸಿಗರೇಟಿಗೆ ಕೆಂಪು ಗೆರೆ ಹೊಡೆದ ಚಿತ್ರ ಅರ್ಥ ಆಗುತ್ತೆ. ತಂಗಿಗೆ ತೋರಿಸಿದ್ರು. ಅವಳು ಪಿಯುಸಿ, ಸೊಗಸಾಗಿ ಗಟ್ಟಿಯಾಗಿ ಓದಿದ್ಲು: "ಹನ್ನೆರಡು ದಿನ ಆಯ್ತಂತೆ ಅಣ್ಣ ಸಿಗರೇಟು ಬಿಟ್ಟು. ಕಂಗ್ರಾಜುಲೇಶನ್ಸ್ ಅಂತೆ."

ಅಮ್ಮ ಒಳಗಿಂದ ಬಂದು ನಿಂತ್ಕೊಂಡ್ರು. ನಾನು ಬೈಸ್ಕೊಳ್ಳೋಕೆ ರೆಡಿಯಾದೆ. ಅಪ್ಪ ಫೋನ್ ನನ್ನ ಕೈಗೆ ಕೊಟ್ರು. "ಸೇದ್ತೀಯ ಅಂತ ಗೊತ್ತಿತ್ತು ಕಣ್ಲಾ. ವಾಸ್ನೆ ಗೊತ್ತಾಯ್ಕಿಲ್ವಾ ನಂಗೆ? ಬುಟ್ಟಿದ್ದೀಯಲ್ಲ, ಅಷ್ಟು ಸಾಕು."

ಆ ದಿನ ಬೆಳಿಗ್ಗೆ ಬಸ್ ಇಳಿದು ಮನೆಗೆ ನಡ್ಕೊಂಡು ಬರುವಾಗ ಒಂದು ಸೇದಿ, ಬಾಯಿಗೆ ಏಲಕ್ಕಿ ಹಾಕ್ಕೊಂಡು ಒಳಗೆ ಬಂದಿದ್ದೆ. ಅಪ್ಪಂಗೆ ವಾಸನೆ ಬಂದಿರಲೇಬೇಕು. ಫೋನನ್ನ ನಂಬಿದ್ರೋ, ಅಥವಾ ನನ್ನ ಮುಖ ಉಳಿಸಿದ್ರೋ, ಇವತ್ತಿಗೂ ಕೇಳಿಲ್ಲ.

7/11
ಇದನ್ನ ಹೇಳಿದ್ಮೇಲೆ ಕ್ಲಾಸಿನ ಒಬ್ಬಳು ಒಂದು ಮಾತು ಹೇಳಿದ್ಲು. "ನಿಂಗೆ ಅಪ್ಪ ಕಂಗ್ರಾಟ್ಸ್ ಹೇಳಿದ್ರು. ನಂಗೆ ಆ ನೋಟಿಫಿಕೇಶನ್ ಬಂದಿದ್ರೆ ಕಾಲೇಜು ಬಿಡಿಸ್ತಿದ್ರು." ಸರಿಯಾಗೇ ಹೇಳಿದ್ಲು. ನಾವು ಹುಡುಗರು ಬಿಟ್ಟೆ ಅಂತ ಸ್ಕ್ರೀನ್‌ಶಾಟ್ ಹಾಕಿ ಹೀರೋ ಆಗ್ತೀವಿ. ಅವಳು ಬಿಟ್ಟೆ ಅಂದ್ರೆ ಸೇದ್ತಿದ್ದೆ ಅಂತ ಮೊದಲು ಒಪ್ಪಿಕೊಂಡ ಹಾಗೆ. ಫೋನ್ ಮನೇಲಿ ಚೆಕ್ ಮಾಡೋ ಹುಡುಗಿಗೆ ಆ ಐಕಾನೇ ಅಪಾಯ. ಆ್ಯಪ್ ಮಾಡೋರಿಗೆ ಇದು ಹೊಳೆದೇ ಇಲ್ಲ ಅನ್ಸುತ್ತೆ. ಹಾಕ್ಕೊಳ್ಳೋದಾದ್ರೆ ಮೊದಲು ನೋಟಿಫಿಕೇಶನ್ ಆಫ್ ಮಾಡು.

ಇನ್ನೊಂದು. ನಿನ್ನ ಗುಟ್ಟು ಅಪ್ಪಂಗೆ ಮಾತ್ರ ಹೋಗಲ್ಲ. 2019ರಲ್ಲಿ ಕೆಲವು ಸಂಶೋಧಕರು ಖಿನ್ನತೆಗೆ ಮತ್ತು ಸಿಗರೇಟು ಬಿಡೋಕೆ ಅಂತ ಇರೋ 36 ಪ್ರಸಿದ್ಧ ಆ್ಯಪ್‌ಗಳ ಒಳಗೆ ಏನು ಹೋಗುತ್ತೆ, ಏನು ಬರುತ್ತೆ ಅಂತ ನೋಡಿದ್ರು. 29 ಆ್ಯಪ್ ಗೂಗಲ್‌ಗೋ ಫೇಸ್‌ಬುಕ್‌ಗೋ ಮಾಹಿತಿ ಕಳಿಸ್ತಿದ್ವು. ಎಷ್ಟೋ ಆ್ಯಪ್ ಅದನ್ನ ತಮ್ಮ ಪ್ರೈವಸಿ ಪಾಲಿಸಿಯಲ್ಲಿ ಹೇಳೇ ಇರಲಿಲ್ಲ. ನೀನು ಇದನ್ನ ಓದ್ತಿರೋ ಆ್ಯಪ್ಪೂ ಫೇಸ್‌ಬುಕ್ ಮನೆದೇ, ಗೊತ್ತು. ನಾನು ಇಲ್ಲಿ ಬರೀತಿರೋದು ಬೇರೆ ಕಡೆ ನೀವು ಯಾರೂ ಇಲ್ಲ ಅಂತ.

2011ರಲ್ಲೇ ಅಮೆರಿಕದಲ್ಲಿ 47 ಐಫೋನ್ ಆ್ಯಪ್ ಪರೀಕ್ಷೆ ಮಾಡಿದ್ರು (47! ನನ್ನ ಬೆನ್ನು ಬಿಡಲ್ಲ ಈ ನಂಬರ್). ನಿಜವಾಗಿ ಕೆಲಸ ಮಾಡುತ್ತೆ ಅಂತ ಸಾಬೀತಾಗಿರೋ ಔಷಧಿ, ಕೌನ್ಸೆಲಿಂಗ್, ಸಹಾಯವಾಣಿ, ಇವುಗಳ ಕಡೆ ಕೈ ತೋರಿಸಿದ ಆ್ಯಪ್ ಇಲ್ಲ ಅನ್ನೋಷ್ಟು ಕಮ್ಮಿ. ನನ್ನ ಆ್ಯಪನ್ನ ಈ ವಾರ ಮತ್ತೆ ಹಾಕ್ಕೊಂಡು ಪೂರ್ತಿ ತಡಕಾಡಿದೆ. ಬ್ಯಾಡ್ಜ್ ಇದೆ, ಶ್ವಾಸಕೋಶ ಇದೆ, ಪ್ರೀಮಿಯಂ ತಗೋ ಅಂತ ಇದೆ. ಒಂದು ಫೋನ್ ನಂಬರ್ ಇಲ್ಲ.

8/11
ಆ ನಂಬರ್ ಎಲ್ಲಿದೆ ಗೊತ್ತಾ? ಸಿಗರೇಟ್ ಪ್ಯಾಕ್ ಮೇಲೆ.

1800-11-2356. ಸರ್ಕಾರದ ತಂಬಾಕು ಬಿಡಿಸೋ ಸಹಾಯವಾಣಿ, ಫ್ರೀ. 2016ರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಶುರುವಾಯ್ತು. 2018ರ ಸೆಪ್ಟೆಂಬರ್‌ನಿಂದ ಪ್ರತಿ ಪ್ಯಾಕ್ ಮೇಲೂ ಇದನ್ನ ಅಚ್ಚು ಹಾಕಲೇಬೇಕು.

ಈಗ ನಿಜ ಹೇಳು, ನೀನು ಯಾವತ್ತು ಇದನ್ನ ನೋಡಿದ್ದೀಯ? ನಾನು ಮೂರು ವರ್ಷ ಸೇದಿ ನೋಡಿರಲಿಲ್ಲ. ಯಾಕಂದ್ರೆ ಪ್ಯಾಕ್ ತಗೊಂಡೇ ಇರಲಿಲ್ಲ. "ಅಣ್ಣ ಒಂದು ಟೀ, ಒಂದು ಸ್ಮಾಲು." ಅಣ್ಣ ಪ್ಯಾಕಿಂದ ಒಂದು ಎಳೆದು ಕೊಡ್ತಾನೆ, ಪ್ಯಾಕ್ ಅವನ ಹತ್ರಾನೇ. ಪ್ಯಾಕಿನ 85 ಶೇಕಡಾ ಜಾಗದಲ್ಲಿ ಎಚ್ಚರಿಕೆ ಚಿತ್ರ ಇರಬೇಕು ಅಂತ ಎಷ್ಟು ಜಗಳ ಆಗಿದೆ ಈ ದೇಶದಲ್ಲಿ! ನಮ್ಮ ಹೈಕೋರ್ಟಲ್ಲೇ 2017ರ ಡಿಸೆಂಬರ್‌ನಲ್ಲಿ ಆ ನಿಯಮ ಬಿದ್ದುಹೋಗಿ, ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ತಡೆ ಕೊಟ್ಟು ಉಳಿಸ್ತು. ಅಷ್ಟೆಲ್ಲ ಹೊಡೆದಾಡಿ ಉಳಿಸಿದ ಆ ಚಿತ್ರ, ಆ ನಂಬರ್, ಎರಡನ್ನೂ ನೋಡೋದು ಅಂಗಡಿಯಣ್ಣ ಒಬ್ಬನೇ. ಪಾಪ, ಅವನು ಸೇದಲ್ಲ.

ಬಿಡಿ ಬಿಡಿಯಾಗಿ ಮಾರೋದು ಕರ್ನಾಟಕದಲ್ಲಿ ಕಾನೂನಿಗೆ ವಿರುದ್ಧ. 2024ರಲ್ಲಿ ವಿಧಾನಸಭೆ ಒಪ್ಪಿ, 2025ರಲ್ಲಿ ಜಾರಿಗೆ ಬಂದ ತಿದ್ದುಪಡಿ ಪ್ರಕಾರ 21 ತುಂಬದವರಿಗೆ ಮಾರೋ ಹಾಗೇ ಇಲ್ಲ. ಅಂದ್ರೆ ನಮ್ಮ ಸೆಕೆಂಡ್ ಇಯರ್ ಪೂರ್ತಿ ಔಟ್. ಕಾಲೇಜಿನ ಹತ್ರ ಅಂಗಡಿ ಇರಬಾರದು ಅನ್ನೋದು 2003ರ ಕಾಯ್ದೆಯಷ್ಟು ಹಳೇದು. ಇವತ್ತು ಹೆಜ್ಜೆ ಹಾಕಿ ಅಳೆದೆ. ತಂಬಾಕು ಮುಕ್ತ ಕ್ಯಾಂಪಸ್ ಅನ್ನೋ ಬೋರ್ಡಿಂದ ನಮ್ಮ ಟೀ ಅಂಗಡಿಗೆ 64 ಹೆಜ್ಜೆ. ಫೋಟೋದಲ್ಲಿ ಎರಡೂ ಒಟ್ಟಿಗೇ ಬಿದ್ದಿವೆ, ಝೂಮ್ ಕೂಡ ಬೇಡ.

ಆ 64 ಹೆಜ್ಜೆ ಬಗ್ಗೆ ಏನೂ ಮಾಡದೇ, "ಆ್ಯಪ್ ಹಾಕ್ಕೊಳ್ಳಿ, ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಅಂತ ಸೆಮಿನಾರ್ ಹಾಲಲ್ಲಿ ಹೇಳೋರಿಗೆ ಒಂದೇ ಪ್ರಶ್ನೆ. ಗೇಟಿನ ಹೊರಗೆ ಬರ್ತೀರಾ ಒಂದ್ಸಲ? ಟೀ ಕೊಡಿಸ್ತೀನಿ.

9/11
ಫೋನ್ ಸುಳ್ಳು ಹೇಳಲ್ಲ, ನಾವು ಫೋನಿಗೆ ಸುಳ್ಳು ಹೇಳ್ತೀವಿ. ನನ್ನ ಫೋನಲ್ಲೇ ಇನ್ನೊಂದು ಆ್ಯಪ್ ಇತ್ತು, ನಾನು ಎಷ್ಟು ಸೇದ್ತೀನಿ ಅಂತ ಪೈಸೆ ಸಮೇತ ಬರೆದಿಟ್ಕೊಂಡಿತ್ತು. ಯುಪಿಐ.

ಮೇಲಿನ ಫೋಟೋ ಅದರ ಹಿಸ್ಟರಿ. 20, 20, 32, 20, 40. ಮೂವತ್ತೆರಡು ಅಂದ್ರೆ ಟೀ ಸೇರಿ. ನಲವತ್ತು ಅಂದ್ರೆ ಯಾರಿಗೋ ಕೊಡಿಸಿದ್ದು. ಹಸಿರು ವೃತ್ತದ ಆ್ಯಪ್ 2,820 ರೂಪಾಯಿ ಉಳಿಸಿದ್ದೀಯ ಅಂತ ಬೆನ್ನು ತಟ್ಟಿದ ಅದೇ 47 ದಿನದಲ್ಲಿ, ಆ ಒಂದೇ ಅಂಗಡಿಗೆ 96 ಸಲ ಸ್ಕ್ಯಾನ್ ಮಾಡಿ 2,460 ರೂಪಾಯಿ ಕೊಟ್ಟಿದ್ದೆ. ಎರಡೂ ಒಂದೇ ಸ್ಕ್ರೀನಲ್ಲಿ ಪಕ್ಕಪಕ್ಕ ಇದ್ವು, ಮೂರನೇ ಸಾಲಲ್ಲಿ.

ನಿಂದೂ ತೆಗೆದು ನೋಡು. ಯಾರಿಗೂ ತೋರಿಸಬೇಡ, ಸ್ಟೋರಿಗೆ ಹಾಕಬೇಡ. ಟೈಮ್ ನೋಡು, ದುಡ್ಡಲ್ಲ. ನಂದ್ರಲ್ಲಿ 11:10, 1:40, 4:15, ರಾತ್ರಿ 9:30ರ ಆಸುಪಾಸು, ದಿನಾ ಅದೇ. ಹಾಗಂದ್ರೆ ಸೆಳೆತ ಯಾವಾಗ ಬರುತ್ತೆ ಅಂತ ಆಕಾಶ ನೋಡ್ಬೇಕಾಗಿಲ್ಲ, ಟೈಮ್‌ಟೇಬಲ್ ಇದೆ. 4:15 ಅಂದ್ರೆ ಟೀ. ಟೀ ಇಲ್ಲದೇ ಸಿಗರೇಟು ಇಲ್ಲ, ಸಿಗರೇಟು ಇಲ್ಲದೇ ಆ ಅಂಗಡಿ ಇಲ್ಲ. ನಾನು ಮೊದಲು ಬಿಟ್ಟದ್ದು ಸಿಗರೇಟಲ್ಲ, ಆ ಅಂಗಡಿ. ಆ ಅಣ್ಣನ ಹತ್ರ ಹೋಗಿ "ಅಣ್ಣ, ಸ್ವಲ್ಪ ದಿನ ಬರಲ್ಲ" ಅಂತ ಹೇಳಿ ಬಂದೆ. ಅವನಿಗೆ ಬೇಜಾರಾಗಲಿಲ್ಲ. "ಒಳ್ಳೇದು ಮಾಡ್ದೆ ತಮ್ಮಾ" ಅಂದ. ಬಾಕಿ 52 ರೂಪಾಯಿ ಇತ್ತು, ಅದನ್ನೂ ಕೇಳ್ದ.

10/11
ಆ ನಂಬರಿಗೆ ಫೋನ್ ಮಾಡಿದೆ. ಮಾಡೋ ಮೊದಲು ಮೂರು ಸಲ ಕಟ್ ಮಾಡಿದೆ. ಬೈತಾರೆ ಅಂತ ಭಯ, ಹಿಂದೀಲಿ ಬೈತಾರೆ ಅಂತ ಇನ್ನೂ ಭಯ. ಕನ್ನಡದಲ್ಲೇ ಮಾತಾಡಿದ್ರು. (ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರ ಇದೆ, ದಕ್ಷಿಣದ ಭಾಷೆಗಳಿಗೆ.) ಮೊದಲ ಪ್ರಶ್ನೆ ಎಷ್ಟು ಸೇದ್ತೀಯ ಅಂತಲ್ಲ. "ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೇದು ಸೇದ್ತೀರಾ?" ಎದ್ದ ಅರ್ಧ ಗಂಟೆ ಒಳಗೆ ಅಂದ್ರೆ ದೇಹಕ್ಕೆ ಅದು ಗಟ್ಟಿಯಾಗಿ ಹಿಡಿದಿದೆ ಅಂತ ಅರ್ಥವಂತೆ. ನಂದು ಹಾಗಿರಲಿಲ್ಲ. ಒಂದು ದಿನ ಗೊತ್ತು ಮಾಡಿಸಿದ್ರು. ಆಮೇಲೆ ಅವರೇ ವಾಪಸ್ ಫೋನ್ ಮಾಡಿದ್ರು. ನಾನು ಮಧ್ಯೆ ಒಂದು ಸೇದಿದ್ದೆ. ಹೇಳಿದೆ. ಆ ಕಡೆಯಿಂದ ಸೊನ್ನೆ ಬರಲಿಲ್ಲ. "ಎಲ್ಲಿ ಇದ್ರಿ ಆಗ? ಯಾರ ಜೊತೆ?" ಅಂತ ಬಂತು.

ನಿಕೋಟಿನ್ ಗಮ್ ಬಗ್ಗೆ ತುಂಬಾ ಜನ ಡಿಎಂ ಮಾಡ್ತಿದ್ದೀರಿ. 2 ಮಿಲಿಗ್ರಾಮಿನದು ಮೆಡಿಕಲ್ ಶಾಪಲ್ಲಿ ಚೀಟಿ ಇಲ್ಲದೇ ಸಿಗುತ್ತೆ. ಆದ್ರೆ ಬಬಲ್ ಗಮ್ ಥರ ಅಗೀಬೇಡ, ನಾನು ಅಗಿದು ಲೈಬ್ರರಿಯಲ್ಲಿ ಬಿಕ್ಕಳಿಸಿ ಹೊರಗೆ ಕಳಿಸಿದ್ರು. ನಿಧಾನ ಅಗಿ, ಬಾಯಿ ಚುರುಗುಟ್ಟಿದ ತಕ್ಷಣ ನಿಲ್ಲಿಸಿ ಕೆನ್ನೆ ಪಕ್ಕ ಒತ್ತಿಟ್ಕೊ, ಚುರುಚುರು ಹೋದ್ಮೇಲೆ ಮತ್ತೆ ಅಗಿ. ಅರ್ಧ ಗಂಟೆ ಹೀಗೆ. ಮುಂಚೆ ಕಾಲು ಗಂಟೆ ಟೀ ಕಾಫಿ ಜ್ಯೂಸ್ ಬೇಡ, ಕುಡಿದ್ರೆ ಬಾಯಲ್ಲಿ ನಿಕೋಟಿನ್ ಸರಿಯಾಗಿ ಇಳಿಯಲ್ಲ. ಹಾರ್ಟ್ ತೊಂದರೆ ಇರೋರು, ಬೇರೆ ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳಿ. ನಾನು ಡಾಕ್ಟರ್ ಅಲ್ಲ, ನನ್ನ ಬಯಾಲಜಿ ಮಾರ್ಕ್ಸ್ ನಿಮಗೆ ಗೊತ್ತಿದೆ.

ಆ್ಯಪ್ ಇಟ್ಕೊಳ್ಳೋದಾದ್ರೆ ಇಟ್ಕೊ. ಆದ್ರೆ ಹಾಕ್ಕೊಳ್ಳೋ ಮೊದಲು ಒಂದ್ಸಲ "ಸೇದಿದೆ" ಅಂತ ಒತ್ತಿ ನೋಡು, ಏನ್ ಹೇಳುತ್ತೆ ಅಂತ. ನಿನ್ನನ್ನ ಸೊನ್ನೆಗೆ ತಳ್ಳಿ ಸುಮ್ಮನಾದ್ರೆ ಅಲ್ಲೇ ಕಿತ್ತುಹಾಕು.

11/11
ಕೊನೇದು, ಸೇದದೇ ಇರೋರಿಗೆ, ಮತ್ತೆ ನಮ್ಮ ಗ್ಯಾಂಗಿಗೆ.

ನನ್ನ 47ಕ್ಕೆ ಬೆಂಕಿ ಇಮೋಜಿ ಹಾಕಿದವರಲ್ಲಿ ಕಮ್ಮಿ ಅಂದ್ರೂ ಹತ್ತು ಜನ ಆ ದಿನಗಳಲ್ಲೇ ನನ್ನ ಜೊತೆ ನಿಂತು ಸೇದಿದ್ರಿ. ನಾನು ಸೇದ್ತಿದ್ದದ್ದು ನಿಮಗೆ ಗೊತ್ತಿತ್ತು. ಆದ್ರೂ ಲೈಕ್ ಒತ್ತಿದ್ರಿ. ಯಾಕೆ ಮಗಾ? ನನ್ನ ಮುಖ ಉಳಿಸೋಕಾ? ನಮ್ಮಪ್ಪನೂ ಹಾಗೇ ಮಾಡಿರಬಹುದು, ಅವರಿಗೆ ಕ್ಷಮೆ ಇದೆ, ನಿಮಗಿಲ್ಲ. ಆ ಹತ್ತರಲ್ಲಿ ಒಬ್ಬ ಪಕ್ಕಕ್ಕೆ ಕರೆದು "ಲೋ, ಏನೋ ಇದು 47?" ಅಂತ ಕೇಳಿದ್ರೆ ಆ ಜೂನಿಯರ್‌ಗೆ ಹೀಗೆ ಆಗ್ತಿರಲಿಲ್ಲ.

ಬಿಡ್ತಿದ್ದೀನಿ ಅಂದವನಿಗೆ "ಒಂದು ಪಫ್ ಹೊಡಿ, ಏನಾಗಲ್ಲ" ಅನ್ನೋದನ್ನ ನಿಲ್ಲಿಸಿ. ಅದನ್ನ ನಾನೂ ಅಂದಿದ್ದೀನಿ, ಇಬ್ಬರಿಗೆ. ಒಬ್ಬ ಈಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ, ಇನ್ನೂ ಸೇದ್ತಾನೆ. ಮೊನ್ನೆ ಫೋನ್ ಮಾಡಿ ಸಾರಿ ಕೇಳಿದೆ. ಕುಡಿದಿದ್ದೀಯಾ ಅಂತ ಕೇಳ್ದ.

ಈಗ ನಿಂದು ಎಷ್ಟು ದಿನ ಆಯ್ತು ಅಂತ ಕಾಮೆಂಟಲ್ಲಿ ಕೇಳ್ತಿದ್ದೀರಿ. ಹೇಳಲ್ಲ. ಹೇಳಿದ್ರೆ ನೀವು ಮತ್ತೆ ಬೆಂಕಿ ಹಾಕ್ತೀರಿ, ನಾನು ಮತ್ತೆ ಅದನ್ನ ಕಾಯೋಕೆ ಶುರು ಮಾಡ್ತೀನಿ. ಈ ವಾರ ಒಂದು ಸೇದಿದ್ದೀನಾ ಇಲ್ವಾ ಅಂತ ಆ ಜೂನಿಯರ್‌ಗೆ ಗೊತ್ತು, ಅವನಿಗೆ ಸೆಳೆತ ಬಂದಾಗ ನನಗೆ ಒಂದು ಚುಕ್ಕಿ ಕಳಿಸ್ತಾನೆ. ಬರೀ ಚುಕ್ಕಿ. ನಾನು ಫೋನ್ ಮಾಡ್ತೀನಿ, ಐದು ನಿಮಿಷ ಕ್ರಿಕೆಟ್ ಮಾತಾಡ್ತೀವಿ, ಇಡ್ತೀವಿ. ನಂಗೆ ಬಂದಾಗ ನಾನು ಕಳಿಸ್ತೀನಿ. ನಿನ್ನೆ ಅವನು ನಾಲ್ಕು ಕಳಿಸಿದ್ದ, ನಾನು ಆರು.

ನಾಳೆಯಿಂದ 4:15ಕ್ಕೆ ಗೇಟಿನ ಎಡಕ್ಕೆ ಹೋಗ್ತಿಲ್ಲ, ಬಲಕ್ಕೆ, ಬಸ್ ಸ್ಟ್ಯಾಂಡ್ ಪಕ್ಕದ ಬೇಕರಿ. ಅಲ್ಲಿ ಟೀ ಸುಮಾರು, ಆದ್ರೆ ಸಿಗರೇಟು ಇಡಲ್ಲ. ಈಗ ಮೂರು ಜನ ಇದ್ದೀವಿ. ಬರೋದಾದ್ರೆ ಬಾ, ಬೈಟೂ ಹೇಳ್ತೀನಿ.

#ಚುಕ್ಕಿಕಳಿಸು #ಸೊನ್ನೆಬೇಡ #ಬಲಕ್ಕೆತಿರುಗು